ಆಟ ಎಷ್ಟು ಗಂಟೆಗೆ ಸ್ವಾಮಿ?

ಇವತ್ತು ಬೆಳಿಗ್ಗೆ ನಾನೊಂದು ಆಂಬ್ಯುಲೆನ್ಸಿಗೆ ದಾರಿ ಬಿಟ್ಟೆ. ಸುಮ್ಮನೆ ಪಕ್ಕಕ್ಕೆ ಸರಿದು ಬಿಟ್ಟ ದಾರಿಯಲ್ಲ ಅದು. ಸ್ಕೂಟರಿನ ಮುಂದಿನ ಚಕ್ರವನ್ನು ಚರಂಡಿ ಚಪ್ಪಡಿ ಮೇಲೆ ಹತ್ತಿಸಿ, ಹಿಂದಿದ್ದ ಆಟೋದವನ ಕೈಲಿ ಬೈಸಿಕೊಂಡು, ಎಡಗಾಲನ್ನು ಕೆಸರಿಗೆ ಇಟ್ಟು ಬಿಟ್ಟಿದ್ದು. ಸೈರನ್ ಕೇಳಿದರೆ ನನಗೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಗುತ್ತೆ. ಯಾಕೆ ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು, ಹೋದ ವರ್ಷ ಅಪ್ಪನ ಜೊತೆ ಆ ಗಾಡಿಯೊಳಗೆ ಕೂತು ಬಂದವನು ನಾನು. ಇರಲಿ. ಆಂಬ್ಯುಲೆನ್ಸು ಮುಂದಿನ ಸಿಗ್ನಲ್ ದಾಟಿತು, ಎಡಕ್ಕೆ ತಿರುಗಿತು, ಸೀದಾ ಸಿನಿಮಾ ಥಿಯೇಟರಿನ ಗೇಟಿನೊಳಗೆ ನುಗ್ಗಿತು.

ನಾನೂ ಅಲ್ಲಿಗೇ ಹೊರಟಿದ್ದೆ. ವಿಆರ್‌ಎಸ್ ತಗೊಂಡ ಮೇಲೆ ಶುಕ್ರವಾರ ಬೆಳಗಿನ ಆಟಕ್ಕೆ ನಾನು ಖಾಯಂ ಗಿರಾಕಿ. ನಮ್ಮನೆಯವಳ ಪ್ರಕಾರ ನನಗೆ ಪಿಎಫ್ ದುಡ್ಡು ಬಂದಿದ್ದೇ ಕನ್ನಡ ಚಿತ್ರರಂಗದ ಉದ್ಧಾರಕ್ಕೆ. ಗಾಬರಿಯಿಂದ ಗಾಡಿ ನಿಲ್ಲಿಸಿ ಒಳಗೆ ಓಡಿದೆ. ಯಾರಿಗೆ ಏನಾಯ್ತೋ, ಒಂದು ಕೈ ಹಾಕೋಣ ಅಂತ.

ಅಲ್ಲಿ ನೋಡಿದರೆ ನಾಲ್ಕು ಜನ ಹುಡುಗರು. ಒಬ್ಬನ ಕೈಲಿ ಕೋಲಿಗೆ ಸಿಕ್ಕಿಸಿದ ಮೊಬೈಲು. ಇಬ್ಬರ ಮೈಮೇಲೆ ಬಿಳಿ ಕೋಟು, ಅಂಗಡಿಯ ಮಡಿಕೆ ಗೆರೆ ಇನ್ನೂ ಹೋಗಿಲ್ಲ. ಸ್ಟ್ರೆಚರ್ ಮೇಲೆ ಮಲಗಿದ್ದವನಿಗೆ ಹೆಚ್ಚೆಂದರೆ ಇಪ್ಪತ್ತೆರಡು. ಥಿಯೇಟರಿನ ಮೆಟ್ಟಿಲಿಂದ ಅವನನ್ನು ಇಳಿಸಿಕೊಂಡು ಓಡಿ ಬರಬೇಕು, ಅಷ್ಟರಲ್ಲಿ ಪ್ರತಿ ಸಲವೂ ಅವನ ಬಲಗಾಲಿನ ಚಪ್ಪಲಿ ಕಳಚಿ ಬೀಳುತ್ತೆ. ‘ಕಟ್! ಲೇ, ಚಪ್ಪಲಿ ಬಿಟ್ಟೇ ಮಲಕ್ಕೋ. ಬಾಯಿ ಇನ್ನೊಂಚೂರು ತೆಗಿ.’ ಪ್ರಜ್ಞೆ ತಪ್ಪಿದ ರೋಗಿ ಎದ್ದು ಕೂತು, ಚಪ್ಪಲಿ ಬಿಟ್ಟು, ಮೂಗು ಕೆರೆದುಕೊಂಡು ಮತ್ತೆ ಪ್ರಜ್ಞೆ ತಪ್ಪಿದ.

ಭೂತದ ಸಿನಿಮಾ, ನೋಡಿದವನು ಹೆದರಿ ಮೂರ್ಛೆ ಹೋದ. ಅದು ಕಾನ್ಸೆಪ್ಟಂತೆ. ಸರಿ, ಆಯ್ತು. ಒದ್ದೆ ಕಾಲಲ್ಲೇ ಕೌಂಟರಿಗೆ ಹೋದರೆ ಬಾಗಿಲು ಹಾಕಿದೆ. ಸೆಕ್ಯೂರಿಟಿಯವರು ಹೇಳಿದರು: ‘ಬೆಳಗಿನ ಆಟ ಇಲ್ಲ ಸಾರ್. ನಾಲ್ಕೇ ಜನ ಬಂದಿದ್ರು, ಕ್ಯಾನ್ಸಲ್ ಮಾಡಿದ್ರು.’

ಇನ್ನೊಂದು ಸಲ ಓದಿ. ಆಟವೇ ನಡೆದಿಲ್ಲ. ನಡೆಯದ ಆಟ ನೋಡಿ ಒಬ್ಬ ಮೂರ್ಛೆ ಹೋಗಿದ್ದಾನೆ.

ವಾಪಸ್ ಬಂದು ಕೋಲು ಹಿಡಿದ ಹುಡುಗನನ್ನು ಕೇಳಿದೆ. ‘ಸಂಜೆ ಆಟ ಎಷ್ಟು ಗಂಟೆಗಪ್ಪಾ?’ ಅವನು ಬಹಳ ವಿನಯದಿಂದಲೇ ಅಂದ: ‘ನಾವು ಡಿಜಿಟಲ್ ಟೀಮ್ ಸಾರ್. ಟೈಮಿಂಗ್ಸೆಲ್ಲ ನಮಗೆ ಬರಲ್ಲ.’

ಇಷ್ಟೇ ನನ್ನ ತಕರಾರು. ಮಿಕ್ಕಿದ್ದೆಲ್ಲ ಇದರ ಸುತ್ತಲೇ ಸುತ್ತುತ್ತೆ, ಪುರುಸೊತ್ತಿದ್ದವರು ಓದಿ.

ಗಿಮಿಕ್ ಮಾಡಬಾರದು ಅನ್ನೋ ಮಡಿವಂತ ನಾನಲ್ಲ. ಗಿಮಿಕ್ಕು ಸಿನಿಮಾದ ಹುಟ್ಟುಗುಣ. 1913ರಲ್ಲಿ ಫಾಲ್ಕೆಯವರು ತಮ್ಮ ಮೊದಲ ಚಿತ್ರವನ್ನು ಸೂರತ್ತಿಗೆ ಒಯ್ದಾಗ, ಗಂಟೆಗಟ್ಟಲೆ ನಾಟಕ ನೋಡಿ ರೂಢಿಯಿದ್ದ ಜನ ಈ ಪುಟ್ಟ ಆಟಕ್ಕೆ ಕಾಸು ಬಿಚ್ಚಲಿಲ್ಲವಂತೆ. ಆಗ ಅವರು ಹೂಡಿದ ಪ್ರಚಾರ ನಿಮಗೂ ಗೊತ್ತಿರಬಹುದು: ಐವತ್ತೇಳು ಸಾವಿರ ಫೋಟೋಗಳ ಪ್ರದರ್ಶನ, ಎರಡು ಮೈಲಿ ಉದ್ದದ ಚಿತ್ರ, ಎಲ್ಲಾ ಸೇರಿ ಮೂರೇ ಆಣೆ. ಗಿಮಿಕ್ಕೇ ಅದು, ಅಪ್ಪಟ ಗಿಮಿಕ್ಕು. ಆದರೆ ಎಷ್ಟು ಕಾಸು ತರಬೇಕು ಅನ್ನೋದೂ ಅದರಲ್ಲೇ ಇದೆ ನೋಡಿ.

ಅಮೆರಿಕದಲ್ಲಿ ವಿಲಿಯಂ ಕ್ಯಾಸಲ್ ಅಂತ ಒಬ್ಬ ಮಹಾನುಭಾವನಿದ್ದ. 1958ರಲ್ಲಿ ತನ್ನ ಭಯಾನಕ ಚಿತ್ರ ನೋಡಲು ಬಂದವರಿಗೆಲ್ಲ, ಹೆದರಿ ಸತ್ತರೆ ಸಾವಿರ ಡಾಲರ್ ಅಂತ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ಮಾಡಿಸಿದ್ದ. ಥಿಯೇಟರಿನೊಳಗೆ ನರ್ಸುಗಳು, ಹೊರಗೆ ಹೆಣ ಸಾಗಿಸುವ ಗಾಡಿ. ಮರುವರ್ಷ ಕೆಲವು ಸೀಟುಗಳ ಕೆಳಗೆ ಸಣ್ಣ ಮೋಟಾರು ಇಡಿಸಿ, ಸರಿಯಾದ ದೃಶ್ಯಕ್ಕೆ ಕೂತವರ ಬುಡ ನಡುಗಿಸಿದ. ಮೋಸಗಾರನೇ ಇರಬಹುದು, ಆದರೆ ಆ ಮೋಸ ಅನುಭವಿಸಬೇಕಾದರೂ ಟಿಕೆಟ್ ತಗೊಂಡು ಒಳಗೆ ಕೂರಬೇಕಿತ್ತು. ಬುಡ ನಡುಗುವುದನ್ನು ಮನೆಯಲ್ಲಿ ಕೂತು ಲೈಕ್ ಒತ್ತೋದಕ್ಕೆ ಆಗುತ್ತಿರಲಿಲ್ಲ.

ನಮ್ಮೂರಿನ ಟೆಂಟನ್ನೇ ತಗೊಳ್ಳಿ. ಘಂಟಸಾಲರ ವೆಂಕಟೇಶನ ಹಾಡು ಲೌಡ್‌ಸ್ಪೀಕರಿನಲ್ಲಿ ಬಂತು ಅಂದರೆ ಕೌಂಟರ್ ತೆಗೆದರು ಅಂತ ಲೆಕ್ಕ. ಗಡಿಯಾರ ಇಲ್ಲದ ಮನೆಗೂ ಗೊತ್ತಾಗುತ್ತಿತ್ತು. ಮುದ್ದೆ ಕೋಲು ಅಲ್ಲೇ ಬಿಟ್ಟು ಹೊರಟ ಹೆಂಗಸರಿದ್ದರು. ಪೋಸ್ಟರ್ ಅಂಟಿಸುವವನು ಮೈದಾ ಅಂಟಿಗೆ ಮೈಲುತುತ್ತ ಕಲಸುತ್ತಿದ್ದ, ದನ ನೆಕ್ಕಬಾರದು, ಹುಳ ಹಿಡಿಯಬಾರದು ಅಂತ. ಪೋಸ್ಟರಿನ ಅಡಿಗೆ ಬೇರೆ ಒಂದು ಪಟ್ಟಿ, ಟೆಂಟಿನ ಹೆಸರು, ದಿನ, ‘ಎರಡು ಆಟಗಳು’. ನಾಯಕನ ಮೂಗು ಹರಿದು ಹೋದರೂ ಆ ಪಟ್ಟಿ ನೆಟ್ಟಗಿರಬೇಕಿತ್ತು.

ಈಗಿನ ಪೋಸ್ಟರಿನಲ್ಲಿ ಏನಿರುತ್ತೆ? ‘ನಿಮ್ಮ ಹತ್ತಿರದ ಚಿತ್ರಮಂದಿರಗಳಲ್ಲಿ.’ ಯಾವುದು ಸ್ವಾಮಿ ನನ್ನ ಹತ್ತಿರದ್ದು? ನನಗೆ ಹತ್ತಿರ ಇದ್ದದ್ದು ಈಗ ಕಲ್ಯಾಣಮಂಟಪ. ಮೊದಲು ಪೇಪರಿನ ಜಾಹೀರಾತಿನ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಥಿಯೇಟರುಗಳ ಹೆಸರು, ಪಕ್ಕದಲ್ಲಿ ‘ಪ್ರತಿದಿನ 4 ಆಟಗಳು’ ಅಂತ ಇರುತ್ತಿತ್ತು. ಅಪ್ಪ ಭೂತಗನ್ನಡಿ ಹಿಡಿದು ಹುಡುಕುತ್ತಿದ್ದರು.

ಇಲ್ಲಿ ಒಂದು ತಪ್ಪೊಪ್ಪಿಗೆ. ಒಂಬತ್ತನೇ ಕ್ಲಾಸಿನಲ್ಲಿ ನಾನೂ ಪ್ರಚಾರಕ್ಕೆ ಹೋಗಿದ್ದೆ. ಜಟಕಾ ಗಾಡಿಯಲ್ಲಿ ತಮಟೆಯವನು, ಮೈಕಿನವನು, ಹಿಂದೆ ಕೂತು ಹ್ಯಾಂಡ್‌ಬಿಲ್ ಎಸೆಯೋಕೆ ನಾನು. ಕೂಲಿ ಏನೂ ಇಲ್ಲ, ಒಂದು ಬೆಂಚಿನ ಟಿಕೆಟ್ಟು. ಮೂರನೇ ಹಳ್ಳಿಗೆ ಹೋಗುವಷ್ಟರಲ್ಲಿ ಬಿಸಿಲಿಗೆ ಸಾಕಾಗಿ, ಗಾಡಿ ಕೆರೆ ಏರಿ ಮೇಲೆ ನಿಂತಾಗ ಉಳಿದ ಅಷ್ಟೂ ಗುಲಾಬಿ ಕಾಗದವನ್ನು ನೀರಿಗೆ ಬಿಟ್ಟೆ. ಮುಳುಗುತ್ತೆ ಅಂದುಕೊಂಡಿದ್ದೆ. ಮಾರನೇ ದಿನ ಇಡೀ ಕೆರೆ ಗುಲಾಬಿ. ಟೆಂಟಿನ ಮ್ಯಾನೇಜರ್ ಬೈಯಲಿಲ್ಲ. ಸೈಕಲ್ ಹತ್ತಿ ತಾವೇ ಆ ಹಳ್ಳಿಗೆ ಹೋಗಿ, ಅರಳಿಕಟ್ಟೆ ಮೇಲೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ‘ಏಳು ಗಂಟೆಗೆ ಮೊದಲನೇ ಆಟ’ ಅಂತ ಕೂಗಿ ಬಂದರಂತೆ. ನನಗೆ ಬೆಂಚಿನ ಟಿಕೆಟ್ಟನ್ನೂ ಕೊಟ್ಟರು. ಆ ಸಿನಿಮಾದ ಒಂದು ದೃಶ್ಯವೂ ನೆನಪಿಲ್ಲ ನನಗೆ, ಕೂತಿದ್ದ ಬೆಂಚು ಚುಚ್ಚಿದ್ದು ನೆನಪಿದೆ.

ಹಾಗಾಗಿ ಕೆಲಸಗಳ್ಳತನ ಏನು ಅಂತ ನನಗೆ ಪಾಠ ಹೇಳಬೇಡಿ, ಒಳಗಿಂದ ಗೊತ್ತು.

ಮಧ್ಯಾಹ್ನದ ಹೊತ್ತಿಗೆ ರೀಲು ಬಂತು. ‘ಸಿನಿಮಾ ನೋಡುತ್ತಲೇ ಪ್ರಜ್ಞೆ ತಪ್ಪಿದ ಯುವಕ!’ ಕಳಿಸಿದ್ದು ಯಾರು ಗೊತ್ತಾ, ನನ್ನ ಭಾಮೈದ. ಕೆಳಗೆ ‘ಭಾವ, ಬಿಪಿ ಇದೆ ನಿಮಗೆ, ಇಂಥದ್ದಕ್ಕೆಲ್ಲ ಹೋಗ್ಬೇಡಿ’ ಅಂತ ಕೈಮುಗಿದ ಚಿತ್ರ ಬೇರೆ. ಪ್ರಚಾರ ಅಂದರೆ ಇದು! ಬರುವವನೊಬ್ಬ ಇದ್ದ, ಅವನನ್ನೂ ಮನೆಯಲ್ಲಿ ಕೂರಿಸುವ ಪ್ರಚಾರ.

ಬೆಳಿಗ್ಗೆ ಎರಡು ಸಾಲು ಬರೆದು ಹಾಕಿದ್ದಕ್ಕೆ ಚಿತ್ರರಂಗದಲ್ಲಿರುವ ಗೆಳೆಯನೊಬ್ಬ ಇನ್‌ಬಾಕ್ಸಿಗೆ ಬಂದ. ‘ನಿಮಗೇನ್ ಸಾರ್ ಗೊತ್ತು, ಸಣ್ಣ ಪ್ರೊಡ್ಯೂಸರ್ ಹತ್ರ ದುಡ್ಡೆಲ್ಲಿದೆ? ಏನಾದ್ರೂ ವೈರಲ್ ಆದ್ರೇನೇ ಜನ ಹೆಸರು ಕೇಳೋದು.’ ಹೌದಪ್ಪ, ಒಪ್ಪಿದೆ. ದೊಡ್ಡವರ ಚಿತ್ರದ ಪಕ್ಕ ಸಣ್ಣವರಿಗೆ ಜಾಗ ಸಿಗೋದು ಕಷ್ಟ, ಮನೆ ಅಡ ಇಟ್ಟು ಸಿನಿಮಾ ಮಾಡಿದವರ ಸಂಕಟ ನನಗೂ ಅರ್ಥ ಆಗುತ್ತೆ. ಆದರೆ ಹೆಸರು ಕೇಳಿದವನು ಎಲ್ಲಿಗೆ ಬರಬೇಕು? ಬಂದವನಿಗೆ ಬಾಗಿಲು ಹಾಕಿದೆಯಲ್ಲ! ಆಂಬ್ಯುಲೆನ್ಸ್ ಬಾಡಿಗೆ, ಬಿಳಿ ಕೋಟು, ನಾಲ್ಕು ಹುಡುಗರ ಬಿರಿಯಾನಿ, ಇದಿಷ್ಟರ ದುಡ್ಡಿನಲ್ಲಿ ಇನ್ನೊಂದಿಷ್ಟು ಟಿಕೆಟ್ ತಗೊಂಡು ಪಕ್ಕದ ಕಾಲೇಜಿನ ಹುಡುಗರನ್ನು ಕೂರಿಸಿದ್ದರೆ ಆಟವಾದರೂ ನಡೆಯುತ್ತಿತ್ತು. ‘ಸು ಫ್ರಮ್ ಸೋ’ದವರು 2025ರ ಜುಲೈ 25ಕ್ಕೆ ಬಿಡುಗಡೆ ಇಟ್ಟುಕೊಂಡು, ಅದಕ್ಕೆ ಮೊದಲೇ ಮಂಗಳೂರು, ಶಿವಮೊಗ್ಗ, ಮೈಸೂರಿನಲ್ಲಿ ಟಿಕೆಟ್ ಇಟ್ಟು ಪ್ರೀಮಿಯರ್ ಮಾಡಿದರು. ನೋಡಿದವರು ಹೊರಗೆ ಬಂದು ಮಾತಾಡಿದರು, ಅದೇ ವಾರಾಂತ್ಯಕ್ಕೆ ಆಟಗಳನ್ನು ಹೆಚ್ಚಿಸಬೇಕಾಯಿತು. ‘ಅದು ಚೆನ್ನಾಗಿತ್ತು ಸಾರ್, ಅದಕ್ಕೇ’ ಅಂತೀಯ. ನಿನ್ನದು ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗೋದು ಹೇಗೆ ಮಾರಾಯ, ಆಟ ಎಷ್ಟು ಗಂಟೆಗೆ ಅನ್ನೋದೇ ಗೊತ್ತಿಲ್ಲದೆ?

ಇನ್ನು ಸೈರನ್ ವಿಷಯ. ಆಂಬ್ಯುಲೆನ್ಸಿಗೆ ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ 194ಇ ಪ್ರಕಾರ 10,000 ರೂಪಾಯಿ ದಂಡ ಇದೆ, ಆರು ತಿಂಗಳು ಒಳಗೂ ಹಾಕಬಹುದು. ಚಪ್ಪಲಿ ಕಳಚುವ ರೋಗಿಗೋಸ್ಕರ ನಾನು ಕೆಸರಿಗೆ ಕಾಲಿಟ್ಟದ್ದು. ನಾಳೆ ಸೈರನ್ ಕೇಳಿದಾಗ ನನ್ನ ಹಿಂದಿದ್ದ ಆಟೋದವನು ‘ಯಾವ್ದೋ ಪಿಚ್ಚರ್ದು ಬಿಡಿ ಸಾರ್’ ಅಂದರೆ ಏನು ಹೇಳಲಿ? ಇದರ ಬಗ್ಗೆ ಹೆಚ್ಚು ಬರೆದರೆ ನಿಜವಾಗಿ ಬಿಪಿ ಏರುತ್ತೆ.

ಕೊನೆಗೆ ಹೋದೆ. ಹಟಕ್ಕೆ ಸಂಜೆ ಮತ್ತೆ ಹೋದೆ. ಹನ್ನೊಂದು ಜನ ಇದ್ದೆವು. ಮೊದಲರ್ಧ ಎಳೀತಾರೆ, ನಾಯಕನ ಗೆಳೆಯರ ತಮಾಷೆ ಸಹಿಸಿಕೊಳ್ಳಬೇಕು. ಆದರೆ ಇಂಟರ್ವಲ್ ಆದ ಮೇಲೆ ಒಂದು ಬಾವಿಯ ದೃಶ್ಯ ಬರುತ್ತೆ, ನಾನು ನಿಜಕ್ಕೂ ಪಕ್ಕದವನ ತೋಳು ಹಿಡಿದುಕೊಂಡೆ. ದೀಪ ಬಂದಾಗ ನೋಡಿದರೆ ಪಕ್ಕದವನು ಅದೇ ಹುಡುಗ, ಸ್ಟ್ರೆಚರ್ ಮೇಲಿದ್ದವನು. ಸಿನಿಮಾ ನೋಡಿದ್ದು ಇದೇ ಮೊದಲಂತೆ. ‘ಚೆನ್ನಾಗಿದೆ ಅಲ್ವಾ ಸಾರ್?’ ಅಂತ ಆಶ್ಚರ್ಯದಿಂದ ಕೇಳಿದ.

ಇಷ್ಟು ಬೈದ ಮೇಲೆ ಚಿತ್ರದ ಹೆಸರು, ಥಿಯೇಟರಿನ ಹೆಸರು ಇಲ್ಲಿ ಹಾಕೋದು ಸರಿಯಲ್ಲ, ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ಬೆಳಗಿನ ಆಟ ತೆಗೆದುಬಿಟ್ಟಿದ್ದಾರೆ. ನಾಳೆ ಮಧ್ಯಾಹ್ನ 1-30ಕ್ಕೆ ಒಂದು, ಸಂಜೆ 4-30ಕ್ಕೆ ಒಂದು. ಸೆಕ್ಯೂರಿಟಿಯವರನ್ನು ಎರಡೆರಡು ಸಲ ಕೇಳಿ ಬರೆದುಕೊಂಡು ಬಂದಿದ್ದೀನಿ.