ದಿನಕ್ಕೊಂದು ಪದ

ಬೆಳಿಗ್ಗೆ ಕಣ್ಣು ಬಿಡುವ ಮುಂಚೆಯೇ ಫೋನು ಟಿಣ್ ಅನ್ನುತ್ತದೆ. ಯಾರಿಗೆ ಏನಾಯಿತೋ ಅಂತ ಗಾಬರಿಯಿಂದ ನೋಡಿದರೆ, ದಿನಕ್ಕೊಂದು ಇಂಗ್ಲಿಷ್ ಪದ ಕಲಿಸುವ ಆ್ಯಪ್: ‘ಇಂದಿನ ಪದ: ಅಬ್‌ಸ್ಟ್ರೆಪರಸ್’. ಹತೋಟಿಗೆ ಸಿಗದೆ ಗಲಾಟೆ ಮಾಡುವ ಅಂತ ಅರ್ಥ. ಆ ಆ್ಯಪ್‌ಗೇ ಸರಿಯಾಗಿ ಒಪ್ಪುತ್ತದೆ. ಕೆಳಗೊಂದು ಬುದ್ಧಿಮಾತು ಬೇರೆ: ಇವತ್ತೇ ಇದನ್ನು ಮಾತಿನಲ್ಲಿ ಬಳಸಿ. ಯಾರ ಹತ್ತಿರ ಬಳಸಲಿ? ದಿನವಿಡೀ ಕಾದರೂ ಯಾರೂ ಅಂಥ ಮಾತು ಎತ್ತುವುದೇ ಇಲ್ಲ.

ಒಂದು ಕಡೆ ಪದ, ಹಿಂದೆ ಅರ್ಥ ಹೀಗೆ ಚೀಟಿ ಬರೆದು ಕಲಿಯಿರಿ ಅನ್ನುವವರೂ ಇದ್ದಾರೆ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಅನ್ನುವ ಪತ್ರಕರ್ತ ಇದಕ್ಕೊಂದು ಪೆಟ್ಟಿಗೆಯ ಉಪಾಯವನ್ನೇ ಹೇಳಿಕೊಟ್ಟ. ಅರ್ಥ ನೆನಪಿದ್ದರೆ ಚೀಟಿ ಮುಂದಿನ ಖಾನೆಗೆ, ಮರೆತಿದ್ದರೆ ವಾಪಸ್ ಮೊದಲನೆಯದಕ್ಕೆ. ನನ್ನ ಪೆಟ್ಟಿಗೆಯಲ್ಲಿ ಮೊದಲ ಖಾನೆ ಮಾತ್ರ ಸದಾ ತುಂಬಿರುತ್ತದೆ.

ಚೀಟಿ ಅಂದಾಗೆಲ್ಲ ನನಗೆ ಜೇಮ್ಸ್ ಮರ್ರೆ ನೆನಪಾಗುತ್ತಾನೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ. 1879ರಲ್ಲಿ ಅವನು ಕೆಲಸ ವಹಿಸಿಕೊಂಡಾಗ ಹಿಂದಿನವರು ಪದ, ಅದು ಬಳಕೆಯಾದ ವಾಕ್ಯ ಬರೆದು ಕೂಡಿಸಿಟ್ಟಿದ್ದ ಚೀಟಿಗಳು ಮೂಟೆಗಟ್ಟಲೆ ಬಂದವು. ಒಂದು ಮೂಟೆಯಲ್ಲಿ ಇಲಿ ಸಂಸಾರ ಹೂಡಿತ್ತು. ‘ಪಿ’ ಅಕ್ಷರದ ಒಂದಷ್ಟು ಚೀಟಿಗಳು ಐರ್ಲೆಂಡಿನ ಯಾವುದೋ ಲಾಯದಲ್ಲಿ ಸಿಕ್ಕವು. ಅಷ್ಟರಲ್ಲಿ ಕೆಲವು ಬೆಂಕಿ ಹೊತ್ತಿಸಲು ಖರ್ಚಾಗಿದ್ದವು! ಹತ್ತು ವರ್ಷದಲ್ಲಿ ಮುಗಿಸುತ್ತೇವೆ ಅಂತ ಹೊರಟವರು 1884ರಲ್ಲಿ ಮೊದಲ ಕಂತು ತಂದಾಗ ‘ಆ್ಯಂಟ್’ ಪದದವರೆಗೆ ಮಾತ್ರ ಬಂದಿದ್ದರು. ಇರುವೆ ಸಾಲು ಇದಕ್ಕಿಂತ ಬೇಗ ಸಾಗುತ್ತದೆ. ಆಕ್ಸ್‌ಫರ್ಡಿಗೆ ಬಂದ ಮೇಲೆ ಮನೆಯ ತೋಟದಲ್ಲಿ ಮರ್ರೆ ತಗಡಿನ ಶೆಡ್ ಹಾಕಿಸಿದ. ನೋಟ ಕೆಡುತ್ತದೆ ಅಂತ ಪಕ್ಕದ ಮನೆಯವರು ತಕರಾರು ತೆಗೆದರು. ಅದಕ್ಕೇ ಶೆಡ್ಡನ್ನು ನೆಲದೊಳಗೆ ಇಳಿಸಿ ಕಟ್ಟಬೇಕಾಯಿತು. ಒಳಗೆ ಥಂಡಿಯೋ ಥಂಡಿ. ಪಾಪದ ಮನುಷ್ಯ ಅಲ್ಲೇ ಕೂತು ಚೀಟಿ ಜೋಡಿಸಿದ. ಪುಡಿಗಾಸು ಕೊಟ್ಟು ತನ್ನ ಮಕ್ಕಳಿಂದಲೂ ಆ ಕೆಲಸ ಮಾಡಿಸಿದ. ಇಷ್ಟಾದರೂ ‘ಬಾಂಡ್‌ಮೇಡ್’ (ಜೀತದ ಹೆಣ್ಣು) ಅನ್ನುವ ಪದದ ಚೀಟಿ ಎಲ್ಲೋ ಕಳೆದುಹೋಗಿ, ಆ ಪದವಿಲ್ಲದೆಯೇ ಸಂಪುಟ ಅಚ್ಚಾಯಿತು. 1915ರಲ್ಲಿ ಮರ್ರೆ ಸತ್ತ. ನಿಘಂಟು ಮುಗಿದದ್ದು 1928ರಲ್ಲಿ. ಬಿಟ್ಟುಹೋದ ಪದಕ್ಕೆ ಜಾಗ ಸಿಕ್ಕಿದ್ದು 1933ರ ಪುರವಣಿಯಲ್ಲಿ.

ಇದರಿಂದ ನನ್ನ ಪದಸಂಪತ್ತು ಹೆಚ್ಚಿತೇ? ಇಲ್ಲ. ಆದರೆ ಅಬ್‌ಸ್ಟ್ರೆಪರಸ್‌ಗಿಂತ ಇದು ಚೆನ್ನಾಗಿ ನೆನಪಿದೆ.

ಶುರುವಿನ ಪದಗಳು ಸುಲಭ. ಮೈಕೆಲ್ ವೆಸ್ಟ್ ಅನ್ನುವ ಇಂಗ್ಲಿಷ್ ಮೇಷ್ಟ್ರು 1953ರಲ್ಲಿ ಹೆಚ್ಚು ಬಳಕೆಯ ಸುಮಾರು 2,000 ಪದಗಳ ಪಟ್ಟಿ ಕೊಟ್ಟ. ಅವು ಪುಟಪುಟಕ್ಕೂ ಎದುರಾಗುತ್ತವೆ, ಬೇಡ ಅಂದರೂ ತಲೆಗೆ ಹತ್ತುತ್ತವೆ. ಆಮೇಲಿನ ಪದಗಳು ಹಾಗಲ್ಲ. ಇವತ್ತು ಮುಖ ತೋರಿಸಿದ್ದು ಮತ್ತೆ ಕಾಣುವುದು ಯಾವಾಗಲೋ. ಓದುವಾಗ ‘ಎಲ್ಲೋ ನೋಡಿದ್ದೇನಲ್ಲ’ ಅನಿಸುತ್ತದೆ. ಬಾಯಿಗೆ ಮಾತ್ರ ಬರುವುದಿಲ್ಲ.

ಅಂಥ ಪದಗಳು ಬಾಯಿಗೆ ಬಂದವರ ಕಥೆ ಇನ್ನೂ ಕಷ್ಟ. ‘ಯೂಸ್’ ಸಾಕಾದ ಕಡೆ ‘ಯುಟಿಲೈಸ್’ ಅನ್ನುತ್ತಾರೆ. ‘ಬಿಗಿನ್’ ಬಿಟ್ಟು ‘ಕಮೆನ್ಸ್’ ಅನ್ನುತ್ತಾರೆ. ಅವರ ಮೀಟಿಂಗ್ ಒಮ್ಮೆ ಕಮೆನ್ಸ್ ಆಯಿತು ಅಂದರೆ ಬೇಗ ಮುಗಿಯುವುದೂ ಇಲ್ಲ.

‘ಸುಮ್ನೆ ಜಾಸ್ತಿ ಓದಿ, ತಾನಾಗೇ ಬರುತ್ತೆ’ ಅನ್ನುವವರಿಗೂ ಒಂದು ಮಾತು ಕೇಳಬೇಕು. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ಅದಲು ಬದಲು ಮಾಡಿದರೆ ನಗುತ್ತಾರೆ. ಯಾಕೆ ಅಂದರೆ ‘ಅದು ಹಾಗೇ’ ಅನ್ನುತ್ತಾರೆ. ‘ಅದು ಹಾಗೇ’ ಅನ್ನುವುದನ್ನು ಯಾವ ಖಾನೆಯಲ್ಲಿ ಇಡೋಣ ಸ್ವಾಮಿ?