ಹಾಡುಗಾರನನ್ನು ಬದಲಿಸಿದ್ದು ಸರಿಯಾ? ಲೌಡ್‌ನೆಸ್ ಬ್ಯಾಂಡಿನ 1988

ಜಪಾನಿನ ಒಸಾಕಾದ ಹೆವಿ ಮೆಟಲ್ (ಅಬ್ಬರದ ರಾಕ್ ಸಂಗೀತ) ಬ್ಯಾಂಡ್ ಲೌಡ್‌ನೆಸ್ 1988ರ ಕೊನೆಗೆ ತನ್ನ ಹಾಡುಗಾರ ಮಿನೊರು ನೀಹಾರಾ ಅವರನ್ನು ಕೈಬಿಟ್ಟಿತು. ಅವರ ಜಾಗಕ್ಕೆ ಬಂದದ್ದು ಅಮೆರಿಕದ ಮೈಕ್ ವೆಸೆರಾ. ಹಾಗೆ ಮಾಡಿ ಅಂತ ಹೇಳಿದ್ದು ಆಲ್ಬಮ್ ನಿರ್ಮಾಪಕ ಮ್ಯಾಕ್ಸ್ ನಾರ್ಮನ್. ಇಂಗ್ಲಿಷ್ ಮನೆಮಾತಿನವರು ಹಾಡಿದರೆ ಹೊರದೇಶದಲ್ಲಿ ಬ್ಯಾಂಡಿಗೆ ಬಾಗಿಲು ತೆರೆಯುತ್ತದೆ ಎಂಬ ಲೆಕ್ಕ ಅದು.

ಪರ

ಸುಮ್ನೆ ನೀಹಾರಾ ಮೇಲಿನ ಪ್ರೀತಿಗೆ ಆ ನಿರ್ಧಾರವನ್ನು ಬೈಯುವುದು ಸುಲಭ. ಆಗಿನ ಪರಿಸ್ಥಿತಿ ನೋಡಿ. 1985ರ 'ಥಂಡರ್ ಇನ್ ದಿ ಈಸ್ಟ್' ಆಲ್ಬಮ್ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 74ನೇ ಸ್ಥಾನಕ್ಕೆ ಬಂತು. ಮರುವರ್ಷ 'ಲೈಟ್ನಿಂಗ್ ಸ್ಟ್ರೈಕ್ಸ್' 64ಕ್ಕೆ ಏರಿತು. 1987ರ 'ಹರಿಕೇನ್ ಐಸ್' ಹೊತ್ತಿಗೆ ಹೆಸರಾಂತ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಜೊತೆ ಕೆಲಸ ಮಾಡಿದ್ದ ನಿರ್ಮಾಪಕ ಎಡ್ಡಿ ಕ್ರೇಮರ್ ಅವರನ್ನೇ ಕರೆದು ತಂದರು. ಆದರೂ ಆಲ್ಬಮ್ 190ರಲ್ಲಿ ನಿಂತಿತು. ಇಂಥ ಕುಸಿತ ಕಂಡೂ ಕೈಕಟ್ಟಿ ಕೂರಬೇಕಿತ್ತಾ?

ಹಾಡುಗಾರನನ್ನು ಬದಲಿಸುವುದು ಮೆಟಲ್ ಲೋಕದಲ್ಲಿ ಹೊಸ ಪಾಪವೇನಲ್ಲ. ಬ್ರಿಟನ್ನಿನ ಐರನ್ ಮೇಡನ್ ಬ್ಯಾಂಡ್ ಪಾಲ್ ಡಿಯಾನೊ ಅವರನ್ನು ಬಿಟ್ಟು 1981ರಲ್ಲಿ ಬ್ರೂಸ್ ಡಿಕಿನ್ಸನ್ ಅವರನ್ನು ತಂದಿತು. ಅದನ್ನು ಇವತ್ತು ಯಾರೂ ತಪ್ಪು ಅನ್ನುವುದಿಲ್ಲ.

ಅದಕ್ಕಿಂತ ದೊಡ್ಡ ಮಾತು, ಲೌಡ್‌ನೆಸ್ ಎಂದರೆ ಮೊದಲು ಅಕಿರಾ ತಕಾಸಾಕಿ ಅವರ ಗಿಟಾರ್. ಎರಡೂ ಕೈಯ ಬೆರಳುಗಳು ತಂತಿಯ ಮೇಲೆ ಓಡುವಾಗ ಯಾರು ಹಾಡುತ್ತಿದ್ದಾರೆ ಅಂತ ಮರೆತೇ ಹೋಗುತ್ತದೆ. 1989ರ 'ಸೋಲ್ಜರ್ ಆಫ್ ಫಾರ್ಚೂನ್'ನಲ್ಲಿ ಆ ಗಿಟಾರ್ ಹಾಗೇ ಇದೆ. ಅದರ ಮೇಲೆ ವೆಸೆರಾ ಅವರ ಏರುದನಿ ಸಲೀಸಾಗಿ ಕೂತಿದೆ. ಆ ದನಿ ಎಂಥದ್ದು ಅಂದರೆ, ಮುಂದೆ ಹೆಸರಾಂತ ಗಿಟಾರ್ ವಾದಕ ಇಂಗ್ವೆ ಮಾಲ್ಮ್‌ಸ್ಟೀನ್ ತಮ್ಮ ಬ್ಯಾಂಡಿಗೆ ವೆಸೆರಾ ಅವರನ್ನು ಕರೆಸಿಕೊಂಡರು. ಬದಲಾವಣೆ ಗೆಲ್ಲಲಿಲ್ಲ, ನಿಜ. ಆದರೆ 1991ರಲ್ಲಿ ನಿರ್ವಾಣ ಎಂಬ ರಾಕ್ ಬ್ಯಾಂಡಿನ ಅಲೆ ಬಂದ ಮೇಲೆ ಅಮೆರಿಕದ ಎಷ್ಟೋ ಮೆಟಲ್ ಬ್ಯಾಂಡ್‌ಗಳೇ ನೆಲಕಚ್ಚಿದವು. ಆ ಗಾಳಿಗೆ ವೆಸೆರಾ ಏನು ಮಾಡಬೇಕಿತ್ತು?

ವಿರೋಧ

ಈ ಬ್ಯಾಂಡ್ ಹುಟ್ಟಿದ್ದೇ ಬೇರೆಯವರ ಮಾತು ಕೇಳಿ ಸಾಕಾಗಿ. ತಕಾಸಾಕಿ ಮತ್ತು ಡ್ರಮರ್ ಮುನೆತಾಕಾ ಹಿಗುಚಿ ಮೊದಲು ಲೇಝಿ ಎಂಬ ಪಾಪ್ ಬ್ಯಾಂಡಿನಲ್ಲಿದ್ದರು. ಹುಡುಗಿಯರು ಕಿರುಚುವಂಥ ಚೆಂದದ ಹುಡುಗರ ಗುಂಪು ಅದು. ತಕಾಸಾಕಿಗೆ 'ಸೂಝಿ', ಹಿಗುಚಿಗೆ 'ಡೇವಿ' ಅಂತ ಅಡ್ಡಹೆಸರು ಬೇರೆ! (ಅಲ್ಲಿ ಹಾಡುತ್ತಿದ್ದ ಹಿರೊನೊಬು ಕಾಗೆಯಾಮಾ ಮುಂದೆ ಡ್ರ್ಯಾಗನ್ ಬಾಲ್ ಝೆಡ್ ಎಂಬ ಕಾರ್ಟೂನ್ ಸರಣಿಯ ಹಾಡಿನಿಂದ ಹೆಸರಾದರು.) ಇದನ್ನೆಲ್ಲ ಬಿಟ್ಟು, ತಮಗೆ ಬೇಕಾದ್ದನ್ನು ನುಡಿಸೋಣ ಅಂತ 1981ರಲ್ಲಿ ನೀಹಾರಾ ಮತ್ತು ಬೇಸ್ ನುಡಿಸುವ ಮಸಾಯೋಶಿ ಯಾಮಾಶಿತಾ ಅವರನ್ನು ಸೇರಿಸಿಕೊಂಡರು. ಏಳು ವರ್ಷ ಕಳೆಯುವುದರೊಳಗೆ ಮತ್ತೆ ಹೊರಗಿನವರ ಲೆಕ್ಕಕ್ಕೆ ತಲೆಬಾಗಿದರಲ್ಲ, ಅದು ನನಗೆ ಬೇಸರ.

ಉಚ್ಚಾರವೇ ಅಡ್ಡಿ ಅಂದರೆ ಒಪ್ಪುವುದು ಕಷ್ಟ. ಮೊದಲ ಆಲ್ಬಮ್‌ಗಳು ಜಪಾನಿ ಭಾಷೆಯಲ್ಲೇ ಇದ್ದವು. ಆ ಹಾಡುಗಳನ್ನಿಟ್ಟುಕೊಂಡೇ 1983ರಲ್ಲಿ ಅಮೆರಿಕ, ಯುರೋಪಿಗೆ ಹೋಗಿ ಬಂದರು. 1985ರಲ್ಲಿ ಅಮೆರಿಕದ ಮಾಟ್ಲಿ ಕ್ರೂ ಬ್ಯಾಂಡ್ ಜೊತೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ವೇದಿಕೆ ಏರಿದಾಗಲೂ ಹಾಡಿದ್ದು ನೀಹಾರಾ ಅವರೇ. 'ಕ್ರೇಝಿ ನೈಟ್ಸ್' ಹಾಡಿನಲ್ಲಿ ಎಲ್ಲರೂ ಒಟ್ಟಿಗೆ ಕೂಗುವ 'ಎಂ-ಝೀ-ಎ' ಎಂಬ ಮೂರು ಅಕ್ಷರಗಳಿವೆ. ಅದಕ್ಕೆ ಅರ್ಥವೇ ಇಲ್ಲ. ಇವತ್ತಿಗೂ ಅಭಿಮಾನಿಗಳು ಮುಷ್ಟಿ ಎತ್ತಿ ಅದನ್ನೇ ಕೂಗುತ್ತಾರೆ. ಕೇಳುವವರಿಗೆ ಬೇಕಿದ್ದದ್ದು ಆ ಒರಟು ದನಿ, ಇಂಗ್ಲಿಷ್ ಪಾಠವಲ್ಲ ಅಲ್ವಾ?

ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರಿದ್ದಾರೆ. ಇವರು ನಡುಹೊಳೆಯಲ್ಲೇ ಇಳಿಸಿದರು. ಆಮೇಲೆ ಆಗಿದ್ದೇನು? 1991ರ 'ಆನ್ ದಿ ಪ್ರೌಲ್'ನಲ್ಲಿ ಹೊಸ ಹಾಡು ಮೂರೇ. ಉಳಿದದ್ದು ಹಳೇ ಹಾಡುಗಳು, ವೆಸೆರಾ ದನಿಯಲ್ಲಿ, ಇಂಗ್ಲಿಷಿನಲ್ಲಿ. ಅದೇ ವರ್ಷ ವೆಸೆರಾ ಹೊರಟರು. ಯಾಮಾಶಿತಾ ಜಾಗಕ್ಕೆ ಎಕ್ಸ್ ಎಂಬ ಬ್ಯಾಂಡ್ ಬಿಟ್ಟು ಬಂದ ತೈಜಿ, ಹಾಡಲು ಮಸಾಕಿ ಯಾಮಾಡಾ. ಸ್ವಲ್ಪ ದಿನಕ್ಕೆ ಹಿಗುಚಿ ಕೂಡ ಹೊರಟರು. ಹಳಬರಲ್ಲಿ ಕೊನೆಗೆ ಉಳಿದದ್ದು ತಕಾಸಾಕಿ ಒಬ್ಬರೇ. ಗಿಟಾರೇ ಬ್ಯಾಂಡ್ ಅನ್ನುವವರಿಗೆ ಇದಕ್ಕಿಂತ ಖುಷಿಯ ಸ್ಥಿತಿ ಇನ್ನೊಂದಿಲ್ಲ. ಆದರೂ 20ನೇ ವರ್ಷದ ಹಬ್ಬ ಹತ್ತಿರ ಬಂದಾಗ ತಕಾಸಾಕಿ ಕರೆದದ್ದು ನೀಹಾರಾ, ಹಿಗುಚಿ, ಯಾಮಾಶಿತಾ ಮೂವರನ್ನೇ. 2001ರಲ್ಲಿ ನಾಲ್ವರೂ ಸೇರಿ 'ಸ್ಪಿರಿಚುಯಲ್ ಕೆನೂ' ಹೊರತಂದರು.

ಹಿಗುಚಿ 2008ರ ನವೆಂಬರ್ 30ರಂದು ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 49. ಆ ನಾಲ್ವರಿಗೆ ಒಟ್ಟಿಗೆ ನುಡಿಸಲು ಸಿಕ್ಕಿದ್ದು ಮೊದಲು ಏಳು ವರ್ಷ, ಆಮೇಲೆ ಎಂಟು. ನಡುವೆ ಹನ್ನೆರಡು ವರ್ಷ ಬೇರೆ ಬೇರೆಯಾಗಿದ್ದರು.