ತಗೊಳ್ಳುವಾಗ 1,210 ಅಡಿ, ಕೊಡುವಾಗ 796 ಅಡಿ

ಅಪ್ಪ ದಾವಣಗೆರೆಯಿಂದ ಬಂದಿದ್ದರು, ನಮ್ಮ ಮನೆ ನೋಡೋಕೆ ಅಂತಲೇ. ಕೀ ಕೈಗೆ ಸಿಕ್ಕಿ ನಾಲ್ಕು ದಿನ ಆಗಿತ್ತು ಅಷ್ಟೇ. ಚಪ್ಪಲಿ ಹೊರಗೆ ಬಿಟ್ಟು, ಬಲಗಾಲಿಟ್ಟು ಒಳಗೆ ಬಂದರು. ಹಾಲ್, ಅಡುಗೆಮನೆ, ಎರಡು ರೂಮು, ಎಲ್ಲಾ ಒಂದು ಸುತ್ತು ನೋಡಿದರು. ಆಮೇಲೆ ಹಾಲಿನ ಗೋಡೆಗೆ ಹಿಮ್ಮಡಿ ಒತ್ತಿ ನಿಂತು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಡುತ್ತಾ ಬಾಯಲ್ಲೇ ಎಣಿಸತೊಡಗಿದರು. ನಮ್ಮೂರಿನ ಮನೆಯನ್ನು ಅವರೇ ಮುಂದೆ ನಿಂತು ಕಟ್ಟಿಸಿದ್ದು, 9 ಚದರದ ಮನೆ (ಒಂದು ಚದರ ಅಂದರೆ ನೂರು ಚದರಡಿ). ಅವರ ಕಾಲಿಗೆ ಲೆಕ್ಕ ಗೊತ್ತು.

"ಎಷ್ಟು ಚದರ ಅಂದಿದ್ದೆ ನೀನು?"

"12 ಚದರ ಅಪ್ಪ."

"ಇದು 12 ಅಲ್ಲಮ್ಮ. ಎಂಟು ಇದ್ದರೆ ಹೆಚ್ಚು."

ನಾನು ಏನೂ ಮಾತಾಡಲಿಲ್ಲ. ಅಪ್ಪನ ಲೆಕ್ಕ ಸರಿಯಾಗಿತ್ತು. ನನ್ನ ಗಂಡ ಬಾಲ್ಕನಿಗೆ ಹೋಗಿ ನಿಂತುಬಿಟ್ಟ. ಆರು ವರ್ಷ ಇಬ್ಬರೂ ದುಡಿದು, ಹೊರಗೆ ತಿನ್ನೋದು ಬಿಟ್ಟು, ಊರಿಗೆ ಹೋಗೋದನ್ನೂ ಕಮ್ಮಿ ಮಾಡಿ ಕೂಡಿಟ್ಟ ದುಡ್ಡು ಅದು. ಅಪ್ಪನ ಎದುರಿಗೆ ಆ ಹೊತ್ತು ನಮಗಿಬ್ಬರಿಗೂ ತಲೆ ಎತ್ತೋಕೆ ಆಗಲಿಲ್ಲ. ನಾವು ಏನು ತಪ್ಪು ಮಾಡಿದ್ದೆವು ಅಂತ ತಲೆ ತಗ್ಗಿಸಬೇಕಿತ್ತು? ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅದಕ್ಕೇ ಬರೀತಿದ್ದೇನೆ.

ನಾವು ಬುಕ್ ಮಾಡಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಕನಕಪುರ ರಸ್ತೆ ಕಡೆ. ಹೇಳಿದ್ದು 1,210 ಚದರಡಿ, ಅಡಿಗೆ 6,200 ರೂಪಾಯಿ. ಅಂದರೆ 75 ಲಕ್ಷದ 2 ಸಾವಿರ. ಈ 1,210 ಅನ್ನೋದು ಸೂಪರ್ ಬಿಲ್ಟಪ್. ಅದರಲ್ಲಿ ಲಿಫ್ಟ್ ಇದೆ, ಮೆಟ್ಟಿಲಿದೆ, ಕಾರಿಡಾರ್ ಇದೆ, ಕೆಳಗಿನ ಲಾಬಿ ಇದೆ, ಹೊರಗೋಡೆಯ ದಪ್ಪ ಇದೆ, ಕ್ಲಬ್ ಹೌಸಿನಲ್ಲಿ ನಮ್ಮ ಪಾಲು ಅಂತ ಒಂದಿಷ್ಟು ಇದೆ. ಮನೆಯೊಳಗೆ ನಿಂತು ಅಳೆದರೆ ಸಿಗೋದು ಕಾರ್ಪೆಟ್ ಏರಿಯಾ, 796 ಅಡಿ. ಈ 796ರ ಒಳಗೂ ರೂಮು ರೂಮಿನ ನಡುವಿನ ಗೋಡೆ ಸೇರಿಕೊಂಡಿದೆ. ಬಾಲ್ಕನಿಯೊಂದು ಬೇರೆ ಲೆಕ್ಕ, ಒಪ್ಪಿಕೊಳ್ಳೋಣ. ಮಿಕ್ಕಿದ್ದೆಲ್ಲಾ ಎಲ್ಲಿ?

414 ಅಡಿ ವ್ಯತ್ಯಾಸ. ಅಡಿಗೆ 6,200ರಂತೆ 25 ಲಕ್ಷದ 66 ಸಾವಿರ. ನಾವು ಓಡಾಡೋ ನೆಲಕ್ಕೆ ಮಾತ್ರ ದುಡ್ಡು ಹಂಚಿದರೆ ಅಡಿಗೆ ಬಿದ್ದಿದ್ದು 6,200 ಅಲ್ಲ, 9,425 ರೂಪಾಯಿ. ಆ ದರವನ್ನು ಬೋರ್ಡಿನ ಮೇಲೆ ಬರೆದಿದ್ದರೆ ನಾವು ಆ ಗೇಟಿನ ಒಳಗೇ ಹೋಗುತ್ತಿರಲಿಲ್ಲ. ಅದು ಬಿಲ್ಡರಿಗೂ ಗೊತ್ತು.

ಮನೆ ಕೊಳ್ಳುವವರ ರಕ್ಷಣೆಗೆ ಅಂತ ಇರುವ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಬಂದಿದ್ದು 2016ರಲ್ಲಿ. ನಮ್ಮ ರಾಜ್ಯದಲ್ಲಿ 2017ರಿಂದ ನಿಯಮಗಳೂ ಇವೆ. ಕಾರ್ಪೆಟ್ ಏರಿಯಾ ಅಂದರೆ ಏನು, ಯಾವುದು ಸೇರುತ್ತೆ, ಯಾವುದು ಸೇರಲ್ಲ ಅಂತ ಕಾಯ್ದೆಯಲ್ಲೇ ಬಿಡಿಸಿ ಬರೆದಿದ್ದಾರೆ. ಸೂಪರ್ ಬಿಲ್ಟಪ್ ಅನ್ನೋದಕ್ಕೆ ಅದರಲ್ಲಿ ಅರ್ಥವೇ ಕೊಟ್ಟಿಲ್ಲ. ಆದರೂ ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಇದ್ದಿದ್ದು ಆ ಅರ್ಥವಿಲ್ಲದ ಲೆಕ್ಕವೇ. ಕಾರ್ಪೆಟ್ ಎಷ್ಟು ಅಂತ ನಾನು ಮೊದಲ ದಿನವೇ ಕೇಳಿದ್ದೆ. ಸೇಲ್ಸಿನ ಹುಡುಗ "ಒಳ್ಳೇ ಎಫಿಷಿಯೆನ್ಸಿ ಇದೆ ಮೇಡಂ" ಅಂದ. ಇನ್ನೊಂದು ಸಲ ಕೇಳಿದೆ. "ಅಗ್ರಿಮೆಂಟಿನಲ್ಲಿ ಎಲ್ಲಾ ಇರುತ್ತೆ" ಅಂದ. ಅಗ್ರಿಮೆಂಟ್ ಕೈಗೆ ಕೊಟ್ಟಿದ್ದು ಯಾವಾಗ? 20 ಪರ್ಸೆಂಟ್ ದುಡ್ಡು ಕಟ್ಟಿಸಿಕೊಂಡ ಮೇಲೆ. ರಿಜಿಸ್ಟರ್ ಆದ ಅಗ್ರಿಮೆಂಟ್ ಇಲ್ಲದೆ 10 ಪರ್ಸೆಂಟಿಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ ಅಂತ ಅದೇ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತೆ. ಅದನ್ನು ಕೇಳಿದ್ದಕ್ಕೆ ಸಿಕ್ಕ ಉತ್ತರ, "ಬೆಂಗಳೂರಲ್ಲಿ ಎಲ್ಲರೂ ಹೀಗೇ ಮಾಡೋದು ಮೇಡಂ."

ಈ ಮಾತು ಕೇಳಿ ಕೇಳಿ ನನಗೆ ಮೈ ಉರಿಯುತ್ತೆ. ಬ್ಯಾಂಕಿನವರು ಇದನ್ನೇ ಹೇಳಿದರು. ಕಾಗದ ನೋಡಿದ ವಕೀಲರೂ ಇದನ್ನೇ ಹೇಳಿದರು. ಫೀಸು ತಗೊಂಡೇ ಹೇಳಿದರು. ನನ್ನ ಸ್ವಂತ ಚಿಕ್ಕಪ್ಪ, "ಎಲ್ಲರ ಕಥೆನೂ ಅದೇ, ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದರು. ಅಂಗಡಿಯವನು ಒಂದು ಕೆಜಿ ಸಕ್ಕರೆ ಅಂತ ಮುಕ್ಕಾಲು ಕೆಜಿಗೂ ಕಮ್ಮಿ ತೂಗಿದರೆ ಇದೇ ಚಿಕ್ಕಪ್ಪ ಅಂಗಡಿ ಮುಂದೆ ನಿಂತು ಜಗಳ ಆಡುತ್ತಾರೆ. 25 ಲಕ್ಷಕ್ಕೆ ಯಾಕೆ ಸುಮ್ಮನಿರಬೇಕು?

ಇನ್ನು ಆ 75 ಲಕ್ಷದ ಕಥೆ. ಕಾರ್ ಪಾರ್ಕಿಂಗ್ ಅಂತ 3 ಲಕ್ಷ. ವಿದ್ಯುತ್ತು ಮತ್ತು ನೀರಿನ ಸಂಪರ್ಕಕ್ಕೆ ಎರಡೂವರೆ ಲಕ್ಷ. ಲೀಗಲ್ ಚಾರ್ಜ್ 50 ಸಾವಿರ. ಕ್ಲಬ್ ಹೌಸ್ ಸದಸ್ಯತ್ವ 2 ಲಕ್ಷ. ಕ್ಲಬ್ ಹೌಸನ್ನು ಆಗಲೇ ನನ್ನ 1,210 ಅಡಿಯ ಒಳಗೆ ಸೇರಿಸಿ ಅಡಿಗೆ 6,200ರಂತೆ ತಗೊಂಡಾಗಿದೆ. ಆಮೇಲೆ ಅದಕ್ಕೇ ಪ್ರತ್ಯೇಕ 2 ಲಕ್ಷ! ಇದನ್ನು ಕೇಳಿದಾಗ ಆ ಹುಡುಗ ಮೊಬೈಲ್ ನೋಡುತ್ತಾ ಕೂತ. ಕಟ್ಟುತ್ತಿರುವ ಮನೆ ಆದ್ದರಿಂದ ಇದೆಲ್ಲದರ ಮೇಲೆ 5 ಪರ್ಸೆಂಟ್ ಜಿಎಸ್‌ಟಿ, ಹತ್ತಿರ ಹತ್ತಿರ 4 ಲಕ್ಷದ 15 ಸಾವಿರ. ಕಾರ್ಪಸ್ ಫಂಡ್, ಅಂದರೆ ಮುಂದೆ ಕಟ್ಟಡದ ದೊಡ್ಡ ರಿಪೇರಿಗೆ ಅಂತ ಕೂಡಿಡುವ ದುಡ್ಡು, ಅಡಿಗೆ 50 ರೂಪಾಯಿ. ಎರಡು ವರ್ಷದ ಮೇಂಟೆನೆನ್ಸ್ ಮುಂಗಡ, ಅಡಿಗೆ ತಿಂಗಳಿಗೆ ಮೂರೂವರೆ ರೂಪಾಯಿ. ಎಷ್ಟು ಅಡಿಗೆ? 1,210ಕ್ಕೇ. ಅಂದರೆ ನನ್ನ ಮನೆಯಲ್ಲಿ ಇಲ್ಲದ ಆ 414 ಅಡಿಗೆ ತಿಂಗಳು ತಿಂಗಳು 1,449 ರೂಪಾಯಿ. ನಾವು ಈ ಮನೆಯಲ್ಲಿ ಇರುವಷ್ಟು ಕಾಲವೂ.

ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಎಲ್ಲಾ ಸೇರಿ 75 ಲಕ್ಷದ ಮನೆ 95 ಲಕ್ಷ ದಾಟಿತು. ಬ್ಯಾಂಕ್ ಕೊಟ್ಟಿದ್ದು 60 ಲಕ್ಷ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ 80 ಪರ್ಸೆಂಟ್ ಮೀರುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಖರ್ಚು ಆ ಬೆಲೆಯಲ್ಲಿ ಸೇರಲ್ಲ. ಆ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಆದರೆ 15 ಲಕ್ಷ ಕೂಡಿಸಿಕೊಂಡರೆ ಸಾಕು ಅಂತ ಹೊರಟವರು 35 ಲಕ್ಷ ಹುಡುಕಬೇಕಾಯಿತು. ಗಂಡನ ಪಿಎಫ್ ಹೋಯಿತು. ಮಾವ ಹಾಸನದ ಸೊಸೈಟಿಯಲ್ಲಿ ಸಾಲ ಮಾಡಿ ಕಳಿಸಿದರು. ಮದುವೆಯಲ್ಲಿ ಅಮ್ಮ ಹಾಕಿದ ಎರಡೆಳೆ ಸರ ಇವತ್ತಿಗೂ ಬ್ಯಾಂಕಿನ ಲಾಕರಿನಲ್ಲಿದೆ. ನಮ್ಮ ಲಾಕರಿನಲ್ಲಲ್ಲ, ಅಡವಿಟ್ಟ ಬ್ಯಾಂಕಿನ ಲಾಕರಿನಲ್ಲಿ.

ತಡ ಆಗಿದ್ದು ಇನ್ನೊಂದು ಸಂಕಟ. ಮನೆ ಕೊಡ್ತೀವಿ ಅಂದಿದ್ದು 2024ರ ಡಿಸೆಂಬರಿಗೆ. ಕೊಟ್ಟಿದ್ದು 2025ರ ಅಕ್ಟೋಬರಿನಲ್ಲಿ. ಆ ಹತ್ತು ತಿಂಗಳೂ ಬಾಡಿಗೆ ಮನೆಗೆ 24 ಸಾವಿರ, ಬ್ಯಾಂಕಿಗೆ ಪ್ರೀ ಇಎಂಐ ಅಂತ 42 ಸಾವಿರಕ್ಕೂ ಜಾಸ್ತಿ ಬಡ್ಡಿ. ಬರೀ ಬಡ್ಡಿ. ಅಸಲಿನಲ್ಲಿ ಒಂದು ರೂಪಾಯಿ ಇಳಿದಿಲ್ಲ. ಇಬ್ಬರಲ್ಲಿ ಒಬ್ಬರ ಸಂಬಳ ಬಂದ ದಿನವೇ ಖಾಲಿ ಆಗುತ್ತಿತ್ತು. ಸೈಟಿಗೆ ಹೋಗಿ ಕೇಳಿದರೆ "ಮುಂದಿನ ತಿಂಗಳು". ಯುಗಾದಿಗೂ ಮುಂದಿನ ತಿಂಗಳು, ವರಮಹಾಲಕ್ಷ್ಮಿಗೂ ಮುಂದಿನ ತಿಂಗಳು.

ಅಷ್ಟರಲ್ಲಿ 2025ರ ಆಗಸ್ಟ್ 31ರಿಂದ ಸರ್ಕಾರ ನೋಂದಣಿ ಶುಲ್ಕವನ್ನು 1 ಪರ್ಸೆಂಟಿನಿಂದ 2 ಪರ್ಸೆಂಟಿಗೆ ಏರಿಸಿತು. ಸೆಸ್, ಸರ್ಚಾರ್ಜ್ ಸೇರಿ ಸ್ಟ್ಯಾಂಪ್ ಡ್ಯೂಟಿ 5.6 ಪರ್ಸೆಂಟ್ ಮೊದಲೇ ಇತ್ತು. ಈಗ ಒಟ್ಟು 7.6. ನಮಗೆ ಹೆಚ್ಚಿಗೆ ಬಿದ್ದಿದ್ದು 83 ಸಾವಿರ. ಹೇಳಿದ ತಿಂಗಳಿಗೆ ಕೊಟ್ಟಿದ್ದರೆ, ಹೋಗಲಿ, ಜುಲೈಗೆ ಕೊಟ್ಟಿದ್ದರೂ ಆ 83 ಸಾವಿರ ನಮ್ಮ ಹತ್ತಿರ ಇರುತ್ತಿತ್ತು. ಅಡುಗೆಮನೆಗೆ ಕಪಾಟು ಹಾಕಿಸೋಕೆ ಅಂತ ಎತ್ತಿಟ್ಟ ದುಡ್ಡು ಅಲ್ಲಿಗೆ ಹೋಯಿತು. ಪಾತ್ರೆಗಳು ಈಗಲೂ ರಟ್ಟಿನ ಡಬ್ಬದಲ್ಲೇ ಇವೆ. ಬಿಲ್ಡರ್ ಆಫೀಸಿನಲ್ಲಿ ಕೇಳಿದರೆ "ಅದು ಸರ್ಕಾರದ್ದು, ನಮ್ಮ ಕೈಲಿಲ್ಲ" ಅಂದರು. ತಡ ಮಾಡಿದ್ದು ಯಾರ ಕೈ?

ಮಂಚದ ವಿಷಯ ಹೇಳಲೇಬೇಕು. ಅಮ್ಮ ನಮಗೆ ಅಂತ ತೇಗದ ಮಂಚ ಮಾಡಿಸಿದ್ದಾರೆ. ಆರೂವರೆ ಅಡಿ ಉದ್ದ, ಆರಡಿ ಅಗಲ. ಬ್ರೋಷರಿನಲ್ಲಿ ನಮ್ಮ ಬೆಡ್‌ರೂಮ್ 11 ಅಡಿಗೆ ಹತ್ತೂವರೆ. ನಾನು, ನನ್ನ ಗಂಡ ಟೇಪು ಹಿಡಿದು ಮೂರು ಸಲ ಅಳೆದೆವು. 10 ಅಡಿ 8 ಇಂಚು, 10 ಅಡಿ 2 ಇಂಚು. ಬ್ರೋಷರಿನ ಅಳತೆ ಪ್ಲಾಸ್ಟರ್ ಮಾಡುವ ಮುಂಚಿನದಂತೆ. ಪ್ಲಾಸ್ಟರ್ ಇಲ್ಲದ ಮನೆಯಲ್ಲಿ ಯಾರು ಇರ್ತಾರೆ? ಮಂಚ ಆರೂವರೆ, ವಾರ್ಡ್‌ರೋಬ್ ಎರಡಡಿ ಹೋದರೆ ನಡುವೆ ಉಳಿಯೋದು 20 ಇಂಚು. ಬಾಗಿಲು ತೆಗೆದರೆ ಮಂಚಕ್ಕೆ ತಾಗುತ್ತೆ.

ಮಾಡೆಲ್ ಫ್ಲಾಟಿನಲ್ಲಿ ಇದೇ ರೂಮು ಎಷ್ಟು ದೊಡ್ಡದಾಗಿ ಕಂಡಿತ್ತು ಅಂತ ನೆನಪಾಯಿತು. ಮಾರನೇ ಶನಿವಾರ ಟೇಪು ಬ್ಯಾಗಿನಲ್ಲಿ ಇಟ್ಟುಕೊಂಡು ಅಲ್ಲಿಗೆ ಹೋದೆ. ಅಲ್ಲಿನ ಮಂಚ ಅಳೆದೆ. 5 ಅಡಿ 8 ಇಂಚು. ನನ್ನ ಗಂಡನ ಎತ್ತರ 5 ಅಡಿ 10. ದೊಡ್ಡವರು ಮಲಗೋಕೆ ಆಗದ ಮಂಚ ಮಾಡಿಸಿ, ಹೂವಿನ ಹೊದಿಕೆ ಹಾಸಿ, ಎರಡು ದಿಂಬು ಇಟ್ಟಿದ್ದಾರೆ. ಆ ರೂಮಿಗೆ ಬಾಗಿಲೇ ಇಡಿಸಿಲ್ಲ, ಬಾಗಿಲು ಜಾಗ ತಿನ್ನೋದು ಕಾಣಬಾರದು ಅಂತ. ಇದು ಅಳತೆಯ ತಪ್ಪಲ್ಲ. ಯಾರೋ ಕೂತು ಯೋಚನೆ ಮಾಡಿ, ಬಡಗಿಗೆ ಹೇಳಿ ಮಾಡಿಸಿದ ಮೋಸ. ಅವತ್ತೂ ಅಲ್ಲಿ ನಮ್ಮ ಹಾಗೇ ಒಂದು ಜೋಡಿ ಬಂದಿತ್ತು. ಹುಡುಗಿ ಕೈ ಚಾಚಿ "ಇಲ್ಲಿ ತೊಟ್ಟಿಲು ಇಡಬಹುದು" ಅಂತ ತೋರಿಸುತ್ತಿದ್ದಳು. ನಾನು ಹತ್ತಿರ ಹೋಗಿ ಟೇಪು ಅವಳ ಕೈಗೆ ಕೊಟ್ಟೆ. ಮಂಚ ಅಳೀರಿ, ಕಾರ್ಪೆಟ್ ಏರಿಯಾ ಎಷ್ಟು ಅಂತ ಬರೆಸಿಕೊಳ್ಳಿ, ಆಮೇಲೆ ಚೆಕ್ ಬರೀರಿ ಅಂದೆ. ಸೇಲ್ಸಿನವರು ನನ್ನನ್ನು ಹೊರಗೆ ಕಳಿಸಿದರು.

ಹತ್ತು ತಿಂಗಳ ತಡಕ್ಕೆ ಪರಿಹಾರ ಕೇಳಿ ನವೆಂಬರಿನಲ್ಲಿ ಪತ್ರ ಬರೆದೆವು. ಅಗ್ರಿಮೆಂಟಿನಲ್ಲಿ ಏನಿದೆ ಗೊತ್ತಾ? ನಾವು ಕಂತು ತಡ ಮಾಡಿದರೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ. ಅವರು ಮನೆ ತಡ ಮಾಡಿದರೆ ಅಡಿಗೆ ತಿಂಗಳಿಗೆ 5 ರೂಪಾಯಿ. ಎರಡೂ ಕಡೆಗೆ ಒಂದೇ ಬಡ್ಡಿ ಇರಬೇಕು ಅಂತ ರೇರಾ ಹೇಳುತ್ತೆ. ನಮ್ಮ ರಾಜ್ಯದ ನಿಯಮದಲ್ಲಿ ಅದು ಸ್ಟೇಟ್ ಬ್ಯಾಂಕಿನ ಎಂಸಿಎಲ್‌ಆರ್ (ಸಾಲಕ್ಕೆ ಬ್ಯಾಂಕ್ ಹಿಡಿಯುವ ಮೂಲ ಬಡ್ಡಿ ದರ) ಮೇಲೆ 2 ಪರ್ಸೆಂಟ್. ನಾವು ಅಷ್ಟರಲ್ಲಿ ಕಟ್ಟಿದ್ದ 80 ಲಕ್ಷಕ್ಕೆ ಸುಮಾರು 11 ಪರ್ಸೆಂಟ್ ಹಿಡಿದರೂ ಹತ್ತು ತಿಂಗಳಿಗೆ ಏಳು ಲಕ್ಷ ದಾಟುತ್ತೆ.

ಅವರ ಉತ್ತರ ಬಂತು. 39,800 ರೂಪಾಯಿ ಕೊಡ್ತಾರಂತೆ. ನಾನು ಆ ಲೆಕ್ಕ ನೋಡುತ್ತಾ ಕೂತೆ. 1,210ಕ್ಕೆ 5 ರೂಪಾಯಿಯಂತೆ ಹತ್ತು ತಿಂಗಳಿಗೆ 60,500 ಆಗಬೇಕಿತ್ತಲ್ವಾ? ಆಮೇಲೆ ಗೊತ್ತಾಯಿತು. ಪರಿಹಾರವನ್ನು ಕಾರ್ಪೆಟ್ ಏರಿಯಾ ಮೇಲೆ ಲೆಕ್ಕ ಹಾಕಿದ್ದಾರೆ. 796 ಅಡಿಗೆ.

ಮೂರು ವರ್ಷದಲ್ಲಿ ಆ ಆಫೀಸಿನಿಂದ 796 ಅನ್ನೋ ಅಂಕಿಯನ್ನು ತಾವಾಗೇ ಬರೆದಿದ್ದು ಅದೇ ಮೊದಲು. ಬೆಲೆಗೆ 1,210. ಕಾರ್ಪಸ್ಸಿಗೆ 1,210. ಮೇಂಟೆನೆನ್ಸಿಗೆ 1,210. ನಮಗೆ ಕೊಡಬೇಕಾದಾಗ ಮಾತ್ರ 796!

ಪತ್ರದ ಜೊತೆ ಇನ್ನೊಂದು ಕಾಗದ ಇತ್ತು. ಇಷ್ಟು ತಗೊಂಡ ಮೇಲೆ ಬೇರೆ ಯಾವ ತಕರಾರೂ ಇಲ್ಲ ಅಂತ ನಾವಿಬ್ಬರೂ ಸಹಿ ಹಾಕಬೇಕಂತೆ. ಹಾಕಿಲ್ಲ. ಹಾಕೋದೂ ಇಲ್ಲ.

ಮಂಚ ಇನ್ನೂ ದಾವಣಗೆರೆಯಲ್ಲೇ ಇದೆ. ಅಮ್ಮ ಹಳೇ ಸೀರೆ ಹೊದಿಸಿ ಪಡಸಾಲೆಯಲ್ಲಿ ಇಟ್ಟಿದ್ದಾರೆ. ಲಾರಿಗೆ ಹೇಳಲಾ ಅಂತ ಅಪ್ಪ ಎರಡು ಸಲ ಕೇಳಿದರು. ಈಗ ಬೇಡ ಅಂದೆ. ಇಲ್ಲಿ ನೆಲದ ಮೇಲೆ ಹಾಸಿಗೆ ಹಾಸಿ ಮಲಗುತ್ತಿದ್ದೇವೆ.

ಕಳೆದ ವಾರ ರೇರಾ ಪ್ರಾಧಿಕಾರಕ್ಕೆ ದೂರು ಹಾಕಿದೆವು. ದೂರಿನ ಜೊತೆ ಬೇರೆಲ್ಲಾ ಕಾಗದಗಳ ಮೇಲೆ ಎರಡು ಹಾಳೆ ಇಟ್ಟಿದ್ದೇನೆ. ಒಂದು, 1,210 ಅಡಿಗೆ ಮೇಂಟೆನೆನ್ಸ್ ಕಟ್ಟಿ ಅಂತ ಬಂದ ನೋಟಿಸು. ಇನ್ನೊಂದು, 796 ಅಡಿಗೆ ಪರಿಹಾರ ಕೊಡ್ತೀವಿ ಅಂತ ಬಂದ ಪತ್ರ. ಎರಡರ ಮೇಲೂ ಒಂದೇ ಫ್ಲಾಟ್ ನಂಬರ್ ಇದೆ. ಎರಡರ ಕೆಳಗೂ ಒಂದೇ ಸಹಿ ಇದೆ.